ಒಂಟಿಕಿವಿಯ ಬೀಜ

ಎಗ್ಲನ್ ಸಾಯುವ ಹಿಂದಿನ ದಿನ ಗುರುವಾರ. ಬೆಳಿಗ್ಗೆ ನಾನು ಬಟ್ಟೆ ಒಗೆದೆ. ಅವನು ಮೇಲಿನ ತುಂಡು ಜಮೀನಿಗೆ ಹೋಗಿ ಗಿಡಗಳಿಗೆ ಆಡಿನ ಗೊಬ್ಬರ ಹಾಕಿ ಬಂದ. ಮನೆಗೆ ಐದು ಗಾಂಜಾ ಗಿಡ ಇಟ್ಟುಕೊಳ್ಳಬಹುದು ಎಂದು ನಮ್ಮ ದ್ವೀಪದ ಸರಕಾರ ಹೇಳಿದ ಮೇಲೆ ಅವನು ಆರನೆಯದನ್ನು ಬೆಳೆಸಿದವನಲ್ಲ. ಅದಕ್ಕೆ ಮೊದಲು ಎಷ್ಟು ಬೆಳೆಸುತ್ತಿದ್ದ ಎಂದು ನನ್ನನ್ನು ಕೇಳಬಾರದು. ಪೊಲೀಸರ ಹೆಲಿಕಾಪ್ಟರ್ ಸದ್ದಿಗೆ ಒಲೆಯ ಮೇಲಿನ ಪಾತ್ರೆ ಬಿಟ್ಟು ಓಡಿದ ದಿನಗಳಿವೆ. ಅಷ್ಟು ಸಾಕು.

ಮಧ್ಯಾಹ್ನ ಜೀಗುಜ್ಜೆ ಕಾಯಿ ಸುಟ್ಟು ಉಪ್ಪುಮೀನಿನ ಜೊತೆ ತಿಂದೆವು. ನಾಲ್ಕು ಗಂಟೆಗೆ ಅವನು ಮೆಟ್ಟಿಲ ಮೇಲೆ ಕುಳಿತು ಗಾಂಜಾ ಸೊಪ್ಪು ಬಿಡಿಸಿದ. ದಿನಕ್ಕೆ ಒಂದೇ ಸುರುಳಿ, ಕೆಲಸ ಮುಗಿದ ಮೇಲೆ. ನಾನು ಸೇದುವವಳಲ್ಲ. ಅದೇ ಗಿಡದ ಎಲೆ ಕುದಿಸಿ, ಶುಂಠಿ ಹಾಕಿ ಕಷಾಯ ಕುಡಿಯುತ್ತಿದ್ದೆ. ಮೊಣಕಾಲಿಗೆ ಒಳ್ಳೆಯದು.

ಆ ಸೊಪ್ಪಿಗೆ ಅವನು ಇಟ್ಟ ಹೆಸರು ಒಂಟಿಕಿವಿ. ಇಪ್ಪತ್ತೇಳು ವರ್ಷದ ಹಿಂದೆ ಅವನು ಬಿತ್ತಿದ ಬೀಜಗಳಲ್ಲಿ ಒಂದು ಮೊಳಕೆಗೆ ಎರಡು ಎಲೆ ಬರುವ ಕಡೆ ಒಂದೇ ಎಲೆ ಬಂತು. ಬೇರೆಯವರಾಗಿದ್ದರೆ ಕಿತ್ತೆಸೆಯುತ್ತಿದ್ದರು. ಇವನು ಸಾಕಿದ. ಅದರ ಹೂವಿಗೆ ಒಣಗಿದ ಕಿತ್ತಳೆ ಸಿಪ್ಪೆಯ ವಾಸನೆ. ಹೊಗೆ ಗಂಟಲು ಕೆರೆಯುವುದಿಲ್ಲ. ಸೇದಿದವರಿಗೆ ನಿದ್ದೆ ಬರುವುದಿಲ್ಲ, ಸಿಟ್ಟು ಬರುವುದಿಲ್ಲ. ಮಾತು ಬರುತ್ತದೆ.

ಹೆಣ್ಣು ಗಿಡದ ಹೂವನ್ನೇ ಸೇದುವುದು. ಗಂಡು ಗಿಡದ ಧೂಳು ತಾಗಿದರೆ ಹೂವು ಬೀಜ ಕಟ್ಟಿ ಹಾಳಾಗುತ್ತದೆ. ಹಾಗಾಗಿ ನಮ್ಮ ಗುಡ್ಡದಲ್ಲಿ ಎಲ್ಲರೂ ಗಂಡನ್ನು ಕಂಡ ಕೂಡಲೇ ಕೀಳುತ್ತಾರೆ. ಎಗ್ಲನ್ ಮಾತ್ರ ಐದರಲ್ಲಿ ಒಂದು ಗಂಡನ್ನು ಹಳ್ಳದಾಚೆ ಬೇರೆ ಇಟ್ಟು, ಅದರ ಧೂಳನ್ನು ಕಾಗದದಲ್ಲಿ ಹಿಡಿದು, ಒಂದು ಹೆಣ್ಣಿನ ಒಂದೇ ಕೊಂಬೆಗೆ ಕೋಳಿಪುಕ್ಕದಲ್ಲಿ ಸವರುತ್ತಿದ್ದ. ಆಮೇಲೆ ಆ ಗಂಡನ್ನೂ ಕೀಳುತ್ತಿದ್ದ. ಹಾಗೆ ಬಂದ ಬೀಜ ಒಂದು ಕಾಫಿ ಬಾಟಲಿಯಲ್ಲಿ, ನಮ್ಮ ಮಂಚದ ಕೆಳಗೆ ಇರುತ್ತಿತ್ತು. ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಕೊಟ್ಟರೆ ಬೇರೆ ಜಾತಿಯ ಜೊತೆ ಕೂಡಿ ಕೆಡುತ್ತದೆ ಎನ್ನುತ್ತಿದ್ದ.

ಹೆಸರು ಬಂದದ್ದು ವ್ಯಾನ್ ಗೋ ಎಂಬ ಚಿತ್ರಕಾರನಿಂದ. ಎಗ್ಲನ್ ಹರೆಯದಲ್ಲಿ ನೆಗ್ರಿಲ್ ಕಡಲತೀರದ ಒಂದು ಹೋಟೆಲಿನ ಗೋಡೆಗೆ ಬಣ್ಣ ಬಳಿಯುತ್ತಿದ್ದಾಗ ಯಾರೋ ಬಿಳಿಯ ಹೆಂಗಸು ಒಂದು ದಪ್ಪ ಪುಸ್ತಕ ಬಿಟ್ಟು ಹೋಗಿದ್ದಳು. ಅವನು ಅದನ್ನು ಬೆರಳಿಟ್ಟು ಒಂದು ವರ್ಷ ಓದಿದ. ಆಮೇಲೆ ತಾನೂ ಚಿತ್ರ ಬರೆಯಲು ಶುರು ಮಾಡಿದ. ಮನೆಗೆ ಬಳಿಯುವ ಬಣ್ಣದಲ್ಲಿ, ಪ್ಲೈವುಡ್ ತುಂಡಿನ ಮೇಲೆ. ಸೀಸದ ಕಡ್ಡಿಯಲ್ಲಿ, ಸಿಮೆಂಟ್ ಚೀಲದ ಕಾಗದದ ಮೇಲೆ. ಆಡು, ಯಾಮ್ ಗೆಡ್ಡೆಯ ಬಳ್ಳಿ, ನಾನು. ಹೆಚ್ಚಾಗಿ ನನ್ನ ಬೆನ್ನು. ಮುಖ ಬರೆದರೆ ನಾನು ಬೈಯುತ್ತಿದ್ದೆ.

ಆ ಗುರುವಾರವೂ ಎರಡು ದಮ್ಮು ಎಳೆದು ಆ ಚಿತ್ರಕಾರನ ಕಥೆಗೇ ಬಂದ.

"ಬದುಕಿದ್ದಾಗ ಒಂದೋ ಎರಡೋ ಚಿತ್ರ ಮಾರಿದ್ದು ಅವನು, ಡೆಲ್."

"ನೀನೆಷ್ಟು ಮಾರಿದೀಯ?"

"ಬಾರಿನ ಗೋಡೆಗೆ ಮೀನು ಬರೆದು ಎರಡು ಬಾಟ್ಲಿ ರಮ್ ಇಸ್ಕೊಂಡಿದೀನಿ. ಹಂಗೆ ನೋಡಿದ್ರೆ ನಾನೇ ಮುಂದೆ."

"ಕಿವಿ ಯಾಕೆ ಕುಯ್ಕೊಂಡ ಅಂತ ಇವತ್ತಾದ್ರೂ ಸರಿಯಾಗಿ ಹೇಳು."

"ಒಳ್ಳೆ ಸೊಪ್ಪು ಸಿಗಲಿಲ್ಲ, ಅದಕ್ಕೆ. ಆ ಊರಲ್ಲಿ ಎಂಥದೋ ಹಸಿರು ಸಾರಾಯಿ ಕುಡೀತಿದ್ರು. ದಿನಾ ನಾಲ್ಕು ಗಂಟೆಗೆ ಇದೊಂದು ಸುರುಳಿ ಕೊಟ್ಟಿದ್ರೆ ಎರಡೂ ಕಿವಿ ಇಟ್ಕೊಂಡು ಎಂಬತ್ತು ವರ್ಷ ಬದುಕ್ತಿದ್ದ."

"ಎಂಬತ್ತು ವರ್ಷ ಮೆಟ್ಲ ಮೇಲೆ ಕೂತು ಮಾತಾಡ್ತಿದ್ದ. ಚಿತ್ರ ನಿಮ್ಮಪ್ಪ ಬರೀತಿದ್ನಾ?"

ಅವನು ಕೆಮ್ಮು ಬರುವ ತನಕ ನಕ್ಕ. ಆಮೇಲೆ ದಿನವೂ ಹೇಳುವ ಮಾತನ್ನೇ ಹೇಳಿದ.

"ತಮ್ಮ ಇದ್ದ ನೋಡು ಅವನಿಗೆ. ಬಣ್ಣ ಕಳ್ಸೋನು, ಚಿತ್ರ ಬರೆಯೋ ಬಟ್ಟೆ ಕಳ್ಸೋನು, ಕಾಗ್ದ ಬರೆಯೋನು. ತಮ್ಮ ಇಲ್ದಿದ್ರೆ ಅವನೇ ಇಲ್ಲ. ನಂಗೆ ಓರ್ವಿಲ್ ಇದಾನೆ."

"ಓರ್ವಿಲ್ ನಿಂಗೆ ಬಣ್ಣ ಕಳ್ಸಿದ್ದು ಯಾವಾಗ?"

"ಆ ನೀಲಿ ಡಬ್ಬಿ ತಂದ್ಕೊಟ್ನಲ್ಲ."

"ಅವನ ಟ್ಯಾಕ್ಸಿಗೆ ಬಳ್ದು ಮಿಕ್ಕಿದ್ದು ಅದು."

"ಮಿಕ್ಕಿದ್ದನ್ನ ಎಸೀದೆ ತಂದ್ನಲ್ಲ. ಅದೇ ಪ್ರೀತಿ." ಅವನ ಮಾತು ಹಾಗೆ. ತಮ್ಮನ ಮೇಲೆ ಮಣ್ಣು ಬೀಳಲು ಬಿಡುತ್ತಿರಲಿಲ್ಲ. ತಾಯಿ ಸತ್ತಾಗ ಓರ್ವಿಲ್‌ಗೆ ಏಳು ವರ್ಷ. ಎತ್ತಿ ಆಡಿಸಿ ಓದಿಸಿದವನು ಎಗ್ಲನ್.

ಶುಕ್ರವಾರ ಹತ್ತು ಗಂಟೆಗೆ ಅವನು ನೀರಿನ ಪೀಪಾಯಿಯ ಪಕ್ಕ ಬಿದ್ದಿದ್ದ. ಎದೆ ನಿಂತಿತ್ತು. ಅರವತ್ತಮೂರು ವರ್ಷ. ನಾನು ಕೂಗಿದ್ದು ಕೆಳಗಿನ ರಸ್ತೆಯವರೆಗೂ ಕೇಳಿತಂತೆ. ನನಗೆ ನೆನಪಿಲ್ಲ.

ಸತ್ತವನ ನೆರಳನ್ನು ನಾವು ಡಪ್ಪಿ ಎನ್ನುತ್ತೇವೆ. ಒಂಬತ್ತು ದಿನ ಅದು ಮನೆಯಲ್ಲೇ ಓಡಾಡುತ್ತದೆ. ಒಂಬತ್ತನೆಯ ದಿನ ಮಂಚ ತಿರುಗಿಸಿ ಹಾಕುತ್ತೇವೆ, ಬೀರು ಆ ಗೋಡೆಯಿಂದ ಈ ಗೋಡೆಗೆ ಸರಿಸುತ್ತೇವೆ. ಒಳಗೆ ಬಂದರೆ ತನ್ನ ಮನೆ ಎಂದು ಗುರುತು ಸಿಗಬಾರದು. ಆಮೇಲೆ ಹಾಡಿ ಕಳಿಸುತ್ತೇವೆ. ಕಳಿಸದಿದ್ದರೆ ಪಾಪ, ಹೋಗಲಾರದೆ ಇಲ್ಲೇ ಅಲೆಯುತ್ತಾನೆ.

ಒಂಬತ್ತನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಆಡಿನ ತಲೆಯ ಸೂಪು ಕುದಿಯುತ್ತಿತ್ತು. ಗಂಡಸರು ಡಾಮಿನೋ ಆಡುತ್ತಿದ್ದರು. ಓರ್ವಿಲ್ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ.

"ಅತ್ತಿಗೆ, ಮಂಚ ತಿರುಗ್ಸಿದ್ರೆ ಸಾಲ್ದು. ಅವನು ಯಾವ್ದಕ್ಕೆ ಜೀವ ಇಟ್ಕೊಂಡಿದ್ನೋ ಅದು ಇಲ್ಲಿದ್ರೆ ಅವನು ಕದಲಲ್ಲ."

ಪಕ್ಕದ ಮನೆಯ ಮಿಸ್ ಝೀಟಾ ತಲೆ ಹಾಕಿದಳು. "ನಿಜ ಕಣೇ. ನಮ್ಮೆಜಮಾನ್ರ ರೇಡಿಯೋ ಇಟ್ಕೊಂಡಿದ್ದೆ. ಮೂರು ತಿಂಗ್ಳು ತನ್ನಷ್ಟಕ್ಕೆ ತಾನೇ ಹಾಡ್ತಿತ್ತು."

"ನಿಮ್ಮೆಜಮಾನ್ರು ಬದುಕಿದ್ದಾಗ್ಲೂ ಆಫ್ ಮಾಡ್ತಿರ್ಲಿಲ್ಲ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಬತ್ತು ದಿನದಲ್ಲಿ ಮೊದಲ ಸಲ.

"ಚಿತ್ರ, ಪುಸ್ತಕ, ಬೀಜ, ಎಲ್ಲಾ ಕೊಡು" ಎಂದ ಓರ್ವಿಲ್. "ಸಮುದ್ರಕ್ಕೆ ಬಿಟ್ಟು ಬರ್ತೀನಿ. ನೀನು ಬರ್ಬೇಡ. ಹೆಂಡ್ತಿ ನೋಡಿದ್ರೆ ಅವನು ಹಿಂದೆ ತಿರುಗ್ತಾನೆ."

ನನಗೆ ಎಗ್ಲನ್‌ನ ಡಪ್ಪಿಯ ಹೆದರಿಕೆ ಇರಲಿಲ್ಲ. ಬಂದರೆ ಬರಲಿ ಎಂದು ನಾಲ್ಕು ಸಲ ಬಾಗಿಲು ತೆರೆದಿಟ್ಟು ಮಲಗಿದ್ದೆ. ಆದರೆ ಅವನು ಅಲೆಯುವುದು ಬೇಡ ಎಂದು ಕೊಟ್ಟೆ. ಹದಿನೇಳು ಪ್ಲೈವುಡ್ ಚಿತ್ರ, ಒಂದು ಕಟ್ಟು ಸಿಮೆಂಟ್ ಕಾಗದ, ಆ ಪುಸ್ತಕ, ಕಾಫಿ ಬಾಟಲಿ. ಬಾಟಲಿಯನ್ನು ನನ್ನ ಕೈಯಿಂದಲೇ ಅವನ ಕೈಗೆ ಇಟ್ಟೆ. ಮೇಲಿನ ಜಮೀನಿನ ನಾಲ್ಕು ಹೆಣ್ಣು ಗಿಡಗಳನ್ನೂ ಅವನು ಬುಡಸಮೇತ ಕಿತ್ತು ಟ್ಯಾಕ್ಸಿಯ ಹಿಂದೆ ಹಾಕಿಕೊಂಡ. ಹೋಗುವಾಗ ನನ್ನನ್ನು ಅಪ್ಪಿಕೊಂಡು ಅತ್ತ. ಒಳ್ಳೆಯ ತಮ್ಮ ಎಂದುಕೊಂಡೆ.

ಹದಿನಾಲ್ಕು ತಿಂಗಳಾಯಿತು. ಮಿಸ್ ಝೀಟಾಳ ಮಗಳು ನೆಗ್ರಿಲ್‌ನ ಹೋಟೆಲಿನಲ್ಲಿ ಕೋಣೆ ಗುಡಿಸುತ್ತಾಳೆ. ಪ್ರವಾಸಿಗಳು ಬಿಟ್ಟು ಹೋದ ಒಂದು ಖಾಲಿ ತಗಡಿನ ಡಬ್ಬಿ ತಂದು ಕೊಟ್ಟಳು, ಗುಂಡಿ ಸೂಜಿ ಹಾಕಿಕೊಳ್ಳಲಿ ಎಂದು. ಚೆಂದದ ಡಬ್ಬಿ. ಮುಚ್ಚಳದ ಮೇಲೆ ಒಬ್ಬ ಹೆಂಗಸು ಬೋಗುಣಿಗೆ ಬಗ್ಗಿ ಬಟ್ಟೆ ಒಗೆಯುತ್ತಿದ್ದಾಳೆ. ಬೆನ್ನು ಮಾತ್ರ ಕಾಣುತ್ತದೆ. ಎಡ ಭುಜ ಸ್ವಲ್ಪ ಕೆಳಗಿದೆ.

ನನ್ನ ಎಡ ಭುಜ ಕೆಳಗಿದೆ. ಹನ್ನೆರಡನೆಯ ವರ್ಷದಲ್ಲಿ ಮಾವಿನ ಮರದಿಂದ ಬಿದ್ದದ್ದು.

ಮುಚ್ಚಳ ತೆಗೆದು ಮೂಸಿದೆ. ಕಿತ್ತಳೆ ಸಿಪ್ಪೆ.

ನಾನು ನಾಲ್ಕನೆಯ ತರಗತಿಯವರೆಗೆ ಹೋದವಳು. ಸಣ್ಣ ಅಕ್ಷರ ಓದಲು ಬರುವುದಿಲ್ಲ. ಡಬ್ಬಿ ತೆಗೆದುಕೊಂಡು ಬೆಕ್‌ಫರ್ಡ್ ಟೀಚರ್ ಮನೆಗೆ ಹೋದೆ. ಅವರು ರಿಟೈರಾಗಿ ಕೋಳಿ ಸಾಕಿಕೊಂಡಿದ್ದಾರೆ. ಕನ್ನಡಕ ಹಾಕಿಕೊಂಡು ಓದಿದರು.

"ಓರ್ವಿಲ್ ಗೋಲ್ಡ್. ಬೆಟ್ಟದ ರೈತ ಓರ್ವಿಲ್ ಇಪ್ಪತ್ತೇಳು ವರ್ಷ ಬೆವರು ಸುರಿಸಿ ಬೆಳೆಸಿದ ಅಪರೂಪದ ತಳಿ." ಟೀಚರ್ ಕನ್ನಡಕ ತೆಗೆದರು. "ಓರ್ವಿಲ್? ಆ ಹುಡುಗನಿಗೆ ಟೊಮೇಟೊ ಬೆಳೆಯೋಕೆ ಬರಲ್ಲ. ನನ್ನ ಕ್ಲಾಸಲ್ಲಿ ಹುರುಳಿ ಬೀಜ ನೆಡು ಅಂದ್ರೆ ತಿಂದುಬಿಟ್ಟಿದ್ದ."

ಡಬ್ಬಿ ಮಡಿಲಲ್ಲಿಟ್ಟುಕೊಂಡು ಕುಳಿತೆ. ಅವರು ನೀರು ಕೊಟ್ಟರು. ಸುಮ್ಮನಿರಲಾರದೆ ನಾನು ಅಂದೆ, "ಆ ಚಿತ್ರಕಾರನ ತಮ್ಮನ ಹಂಗೆ ಓರ್ವಿಲ್ ಅಂತಿದ್ದ ಎಗ್ಲನ್, ಟೀಚರ್. ದಿನಾ ಅಂತಿದ್ದ. ತಮ್ಮನೇ ಅವನ ಹೆಸರು ಉಳಿಸ್ದ ಅಂತ."

"ವ್ಯಾನ್ ಗೋನ ತಮ್ಮನಾ? ಇಲ್ಲಮ್ಮ. ಆ ತಮ್ಮ ಒಳ್ಳೆಯವನೇ, ಆದ್ರೆ ಅಣ್ಣ ಸತ್ತ ಆರು ತಿಂಗಳಿಗೆ ಅವನೂ ಸತ್ತ. ಚಿತ್ರಗಳನ್ನ ಉಳಿಸಿದ್ದು ತಮ್ಮನ ಹೆಂಡತಿ. ಯೋಹಾನ್ನಾ. ಕೈಯಲ್ಲಿ ಕೂಸು ಇತ್ತು. ಅಷ್ಟೂ ಚಿತ್ರ, ಅಷ್ಟೂ ಕಾಗದ ಇಟ್ಕೊಂಡು, ಊರೂರಿಗೆ ತೋರಿಸಿ, ಅಚ್ಚು ಹಾಕಿಸಿ... ಅವಳಿಲ್ಲದಿದ್ರೆ ಇವತ್ತು ಅವನನ್ನ ಯಾರು ಕೇಳ್ತಿದ್ರು?"

"ಎಗ್ಲನ್ ಓದಿದ ಪುಸ್ತಕದಲ್ಲಿ ಅದು ಇರಲಿಲ್ವೇನೋ."

"ಇತ್ತು. ಆ ಪುಸ್ತಕ ನಾನೂ ಅವನ ಹತ್ರ ಇಸ್ಕೊಂಡು ಓದಿದೀನಿ. ಕೊನೇ ಅಧ್ಯಾಯ ಪೂರ್ತಿ ಅವಳದೇ."

ಅಷ್ಟು ವರ್ಷ ನಾಲ್ಕು ಗಂಟೆಗೆ ಹೇಳಿದ ಕಥೆಯಲ್ಲಿ ಆ ಹೆಂಗಸು ಒಂದು ಸಲವೂ ಬರಲಿಲ್ಲ. ಎಗ್ಲನ್ ಮರೆತನೋ, ಬೇಡ ಎಂದು ಬಿಟ್ಟನೋ. ನನಗೆ ತಮ್ಮನನ್ನು ನಂಬುವುದನ್ನು ಮಾತ್ರ ಕಲಿಸಿ ಹೋದ. ಆ ದಿನ ಮನೆಗೆ ನಡೆದು ಬರುವಾಗ ಓರ್ವಿಲ್ ಮೇಲೆ ಬಂದಷ್ಟೇ ಸಿಟ್ಟು ಸತ್ತವನ ಮೇಲೂ ಬಂತು. ಒಬ್ಬ ನನ್ನ ಮನೆ ಬರಿದು ಮಾಡಿದ. ಇನ್ನೊಬ್ಬ ಅದಕ್ಕೆ ಬಾಗಿಲು ತೆಗೆದಿಟ್ಟು ಹೋಗಿದ್ದ.

ಮಾರನೆಯ ದಿನ ಲೂಸಿಯಾ ಪಟ್ಟಣಕ್ಕೆ, ಓರ್ವಿಲ್ ಮನೆಗೆ ಹೋದೆ. ಹೊಸ ಮನೆ, ಬಿಳಿ ಟೈಲ್ಸು. ಟ್ಯಾಕ್ಸಿ ಇರಲಿಲ್ಲ, ದೊಡ್ಡ ಜೀಪ್ ಇತ್ತು. "ಬಾ ಅತ್ತಿಗೆ, ಬಾ! ಎಷ್ಟು ಸೊರಗಿದೀಯ" ಎಂದು ತಂಪು ಪಾನೀಯ ತಂದಿಟ್ಟ. ನಾನು ಅದರ ಪಕ್ಕ ಡಬ್ಬಿ ಇಟ್ಟೆ.

"ಇದು ಯಾರ ಬೆನ್ನು?"

"ಅಯ್ಯೋ, ಅದು ಡಿಸೈನ್ ಮಾಡೋರು..."

"ಓರ್ವಿಲ್. ಯಾರ ಬೆನ್ನು?"

"ನಿಂದು."

"ಸಮುದ್ರಕ್ಕೆ ಬಿಟ್ಟೆ ಅಂದ್ಯಲ್ಲ."

"ಬಿಡೋಕೇ ಹೋಗಿದ್ದೆ, ದೇವ್ರಾಣೆ. ದೋಣಿಕಟ್ಟೆ ತನಕ ಹೋದೆ. ಅಣ್ಣನ ಕೈಕೆಲಸ, ಮನಸ್ಸು ಬರ್ಲಿಲ್ಲ."

"ಮನಸ್ಸು ಬರ್ದಿದ್ರೆ ನನ್ನ ಬಾಗಿಲಿಗೆ ವಾಪಸ್ ತರ್ಬೇಕಿತ್ತು."

"ನಾನು ಕದ್ದಿಲ್ಲ ಅತ್ತಿಗೆ. ನೀನೇ ಕೈಯಾರೆ ಕೊಟ್ಟೆ. ಇಡೀ ಅಂಗಳ ನೋಡಿದೆ."

ಅದು ನಿಜ.

"ಪುಸ್ತಕ ಎಲ್ಲಿ?"

"ಅದನ್ನ ಎಸೆದೆ" ಎಂದ. ಅದೊಂದನ್ನು ಮಾತ್ರ ಹೇಳಿದ ಹಾಗೆ ಮಾಡಿದ್ದಾನೆ.

"ಚಿತ್ರ ಇಟ್ಕೋ. ಡಬ್ಬಿ ಮೇಲೆ ನಿನ್ ಹೆಸ್ರೇ ಇಟ್ಕೋ. ನಂಗೆ ಹತ್ತು ಬೀಜ ಕೊಡು."

"ಬೀಜ ಎಲ್ಲಿದೆ ಅತ್ತಿಗೆ? ಬಾಟ್ಲಿ ಪೂರ್ತಿ ಗಾಂಜಾ ಮಾರೋ ಕಂಪನಿಯೋರಿಗೆ ಹೋಯ್ತು. ಈಗ ಬೀಜದಲ್ಲಿ ಯಾರು ಬೆಳೀತಾರೆ, ತಾಯಿಗಿಡದಿಂದ ಕಡ್ಡಿ ಮುರಿದು ನೆಡೋದು."

"ಹಂಗಾದ್ರೆ ಒಂದು ಕಡ್ಡಿ ಕೊಡು."

"ಪ್ರತಿ ಗಿಡಕ್ಕೂ ನಂಬರ್ ಇದೆ, ಕ್ಯಾಮೆರಾ ಇದೆ. ನನ್ನ ಲೈಸೆನ್ಸ್ ಹೋಗುತ್ತೆ." ಆಮೇಲೆ ದೊಡ್ಡ ಉಪಕಾರ ಮಾಡುವವನಂತೆ ಹೇಳಿದ. "ಕೆಲ್ಸ ಬೇಕಾದ್ರೆ ಕೊಡ್ತೀನಿ. ಹೂ ಕತ್ತರಿಸೋ ಶೆಡ್ಡಿಗೆ ಹೆಂಗಸ್ರು ಬೇಕು. ಕೂತು ಮಾಡೋ ಕೆಲ್ಸ. ನಿನ್ ಮೊಣಕಾಲಿಗೂ ಸುಖ."

ನನ್ನ ಗಂಡನ ಗಿಡದ ಹೂವು ಕತ್ತರಿಸಲು ನನ್ನನ್ನೇ ಕೂಲಿಗೆ ಕರೆದ. ಆ ಲೋಟ ಎತ್ತಿ ಅವನ ಮುಖಕ್ಕೆ ಎಸೆಯುವಂಥ ಸಿಟ್ಟು ಬಂತು. ಎಸೆಯಲಿಲ್ಲ. ಹೂವಿನ ಹತ್ತಿರ ಕೂರುವವಳಿಗೆ ಎಂದಾದರೂ ಬೀಜ ಸಿಗಬಹುದು.

"ಸೋಮವಾರ ಬರ್ತೀನಿ" ಎಂದೆ.

ಮಿಸ್ ಝೀಟಾ ಬೇಲಿಯ ಆಚೆಯಿಂದ ಬೈದಳು. "ಮನೆ ದೋಚಿದವನ ಹತ್ರಾನೇ ಕೂಲಿಗೆ ಹೋಗ್ತೀಯಾ? ನಾಚ್ಕೆ ಇಲ್ವಾ?"

"ಇದೆ. ಊಟದ ಜೊತೆ ಕಟ್ಕೊಂಡು ಹೋಗ್ತೀನಿ."

"ಸಮುದ್ರಕ್ಕೆ ಕೊಡು ಅಂತ ನಾನೂ ಬಾಯಿ ಹಾಕ್ದೆ ಅವತ್ತು" ಎಂದು ಅವಳು ಮೆಲ್ಲಗೆ ಅಂದಳು. ಅದಾದ ಮೇಲೆ ಬೈಯಲಿಲ್ಲ.

ಶೆಡ್ಡಿನಲ್ಲಿ ಹನ್ನೆರಡು ಜನ ಹೆಂಗಸರು. ತಲೆಗೆ ಬಲೆ, ಕೈಗೆ ರಬ್ಬರ್ ಗವಸು, ಸಣ್ಣ ಕತ್ತರಿ. ಮೊದಲ ದಿನ ಬಾಗಿಲು ತೆಗೆದಾಗ ಬಂದ ವಾಸನೆಗೆ ನಾನು ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಇಡೀ ಶೆಡ್ಡಿಗೆ ನಾಲ್ಕು ಗಂಟೆಯ ಎಗ್ಲನ್‌ನ ವಾಸನೆ ಇತ್ತು. ಓರ್ವಿಲ್ ಯಾರೋ ಪ್ರವಾಸಿಗಳನ್ನು ಕರೆದುಕೊಂಡು ಬಂದು ತೋರಿಸುತ್ತಾನೆ. ಬೆಟ್ಟದಲ್ಲಿ ಹೆಲಿಕಾಪ್ಟರ್ ಬಂದಾಗ ಹೇಗೆ ಓಡಿದೆ ಎಂದು ಹೇಳುತ್ತಾನೆ. ಆಗ ಅವನು ಮೋಬೇ ಪಟ್ಟಣದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಓಡಿದ್ದು ನಾವಿಬ್ಬರು. ನಾನು ತಲೆ ಎತ್ತುವುದಿಲ್ಲ, ಕತ್ತರಿಸುತ್ತೇನೆ.

ಅಲ್ಲಿ ಎಲ್ಲವೂ ಹೆಣ್ಣು ಗಿಡ. ಬೀಜ ಇರಬಾರದು. ಆದರೆ ಸುತ್ತಲಿನ ಗುಡ್ಡದಲ್ಲಿ ಯಾರಾದರೂ ಒಂದು ಗಂಡು ಕೀಳಲು ಮರೆತರೆ ಗಾಳಿಗೆ ಧೂಳು ಬರುತ್ತದೆ. ಆಗ ಎಲ್ಲೋ ಒಂದು ಹೂವಿನ ಒಳಗೆ ಒಂದು ಬೀಜ ಕಟ್ಟುತ್ತದೆ. ಮೇಲ್ವಿಚಾರಕನಿಗೆ ಅದು ಕಸ. ಸಿಕ್ಕರೆ ಬಕೆಟ್ಟಿಗೆ ಹಾಕಿ ಎನ್ನುತ್ತಾನೆ. ನನ್ನ ಕತ್ತರಿಯ ತುದಿಗೆ ಗಟ್ಟಿಯಾಗಿ ತಾಗಿದರೆ ನಾನು ಅದನ್ನು ಮಡಿಲಿಗೆ ಬೀಳಲು ಬಿಡುತ್ತೇನೆ. ಗೇಟಿನಲ್ಲಿ ಚೀಲ ನೋಡುತ್ತಾರೆ. ಮುದುಕಿಯ ಏಪ್ರನ್ನಿನ ಮಡಿಕೆ ಯಾರೂ ಬಿಚ್ಚಿ ನೋಡುವುದಿಲ್ಲ.

ಮೊದಲ ವರ್ಷ ಏಳು ಸಿಕ್ಕವು. ಮೂರು ಬಿಳಿ, ಎಳಸು. ಒಂದು ಮೊಳೆತು ಬಸವನಹುಳುವಿನ ಬಾಯಿಗೆ ಹೋಯಿತು. ಮೂರು ಎದ್ದವು. ಮೇಲಿನ ಜಮೀನಿನಲ್ಲೇ ನೆಟ್ಟೆ. ನನಗಿಂತ ಎತ್ತರ ಬೆಳೆದವು. ಹೂವು ಒಣಗಿಸಿ, ಒಂದು ಭಾನುವಾರ ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಕುಳಿತು ಸುರುಳಿ ಸುತ್ತಿದೆ. ಸೊಟ್ಟಗಾಯಿತು. ಐವತ್ತೊಂಬತ್ತು ವರ್ಷಕ್ಕೆ ಮೊದಲ ಸುರುಳಿ.

ಮೊದಲನೆಯ ದಮ್ಮಿಗೆ ಕಿತ್ತಳೆ ಸಿಪ್ಪೆ ಬಂತು. ಗಂಟಲು ಕೆರೆಯಲಿಲ್ಲ. ಭುಜ ಇಳಿಯಿತು. ಎದುರಿನ ಗುಡ್ಡದ ಹಸಿರು ಒಂದೇ ಹಸಿರಲ್ಲ, ಏಳೆಂಟು ಇದೆ ಎಂದು ಕಂಡಿತು. ಅವನು ಅದನ್ನು ಎಷ್ಟು ಸಲ ಹೇಳಿದ್ದ, ನಾನು ನೋಡಿರಲಿಲ್ಲ. ಮಾತು ಬಂತು. ಕೇಳುವವರಿರಲಿಲ್ಲ, ಆದರೂ ಆಡಿದೆ.

"ಅವಳ ಹೆಸ್ರು ಯಾಕೆ ಹೇಳ್ಲಿಲ್ಲ ನಂಗೆ? ಕಿವಿ ಹೇಳ್ದೆ, ಹಸಿರು ಸಾರಾಯಿ ಹೇಳ್ದೆ, ಹಳದಿ ಮನೆ ಹೇಳ್ದೆ. ಬಡವರು ಆಲೂಗೆಡ್ಡೆ ತಿನ್ನೋ ಚಿತ್ರದಲ್ಲಿ ಎಷ್ಟು ಕೈ ಇವೆ ಅಂತಾನೂ ಹೇಳ್ದೆ. ಒಬ್ಳು ಹೆಂಗಸು ಮನೆ ತುಂಬ ಚಿತ್ರ ಇಟ್ಕೊಂಡು ಕೂತಿದ್ಲು ಅಂತ ಹೇಳೋಕೆ ಏನಾಗಿತ್ತು? ಹೇಳಿದ್ರೆ ನಾನು ಬಾಟ್ಲಿ ಕೊಡ್ತಿದ್ನಾ?"

ಆ ಹೆಂಗಸನ್ನು ಯೋಚಿಸಿದೆ. ಅವಳಿಗೂ ಯಾರಾದರೂ ಹೇಳಿರಬೇಕು, ಇದೆಲ್ಲ ಯಾಕೆ, ಎಸೆದುಬಿಡು ಎಂದು. ಅವಳು ಕೇಳಲಿಲ್ಲ. ಗೋಡೆಗೆ ತೂಗುಹಾಕಿದಳು. ನಾನು ಅವಳಲ್ಲ. ಯಾರೋ ಅತ್ತುಕೊಂಡು ಕೇಳಿದರು, ನಾನು ಕೊಟ್ಟೆ. ಆ ಚಿತ್ರಕಾರ ಹೆಸರು ಮಾಡದೆ ಸತ್ತ, ಆದರೆ ಅವನ ಹೆಸರು ಅವನದೇ ಆಗಿ ಉಳಿಯಿತು. ಎಗ್ಲನ್‌ನ ಇಪ್ಪತ್ತೇಳು ವರ್ಷ ಇನ್ನೊಬ್ಬನ ಡಬ್ಬಿಯಲ್ಲಿ ಮಾರಾಟಕ್ಕಿದೆ.

ಐದನೆಯದೋ ಆರನೆಯದೋ ದಮ್ಮಿಗೆ ನಾಲಿಗೆಯ ಹಿಂದೆ ಕಹಿ ಬಂತು. ಒಂಟಿಕಿವಿಗೆ ಆ ಕಹಿ ಇರಲಿಲ್ಲ. ಕಷಾಯ ಕುಡಿದ ನಾಲಿಗೆಗೆ ಅಷ್ಟು ಗೊತ್ತು. ಯಾವುದೋ ಗುಡ್ಡದ ಗಂಡು. ಅರ್ಧ ಎಗ್ಲನ್‌ನದು, ಅರ್ಧ ಯಾರದೋ. ಸುರುಳಿ ಆರಿಸಿದೆ.

ಮಿಸ್ ಝೀಟಾ ಕೇಳಿದಳು, "ಸಿಕ್ತಲ್ಲ ಗಿಡ, ಇನ್ಯಾಕೆ ಅವನ ಶೆಡ್ಡಿಗೆ ಹೋಗ್ತೀಯ?"

"ಅದಲ್ಲ ಇದು" ಎಂದೆ.

ಇನ್ನಷ್ಟು ಬೀಜ ಬೇಕು. ಅರ್ಧದ ಜೊತೆ ಅರ್ಧ ಕೂಡಿಸಿ, ಕಹಿ ಇದ್ದದ್ದನ್ನು ಕಿತ್ತು, ಇಲ್ಲದ್ದನ್ನು ಇಟ್ಟುಕೊಂಡು ವರ್ಷ ವರ್ಷ ಹೋದರೆ ಒಂದು ದಿನ ಅದೇ ಬರಬಹುದು. ಎಗ್ಲನ್ ಹಾಗೇ ಮಾಡಿದ್ದು. ಅವನಿಗೆ ಇಪ್ಪತ್ತೇಳು ವರ್ಷ ಇತ್ತು. ನನಗೆ ಅಷ್ಟಿಲ್ಲ.

ಬೆಳಿಗ್ಗೆ ಐದೂವರೆಗೆ ಏಳುತ್ತೇನೆ. ಒಲೆ ಹಚ್ಚುವ ಮೊದಲು, ಹಿಂದಿನ ದಿನದ ಏಪ್ರನ್ ತಂದು ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಹಿಡಿದು ಮಡಿಕೆ ಬಿಚ್ಚಿ ಕೊಡವುತ್ತೇನೆ. ಹಸಿರು ಪುಡಿ ಬೀಳುತ್ತದೆ, ಕೂದಲು, ದಾರದ ತುಂಡು. ಕಿಟಕಿಯ ಬೆಳಕಿಗೆ ಹಿಡಿದು ಬೆರಳಲ್ಲಿ ಒಂದೊಂದೇ ಸರಿಸಿ ನೋಡುತ್ತೇನೆ. ಹೆಚ್ಚಿನ ದಿನ ಏನೂ ಇರುವುದಿಲ್ಲ. ಆಮೇಲೆ ಏಪ್ರನ್ ಒಗೆದು, ಹಿಂಡಿ, ಬೇಲಿಯ ಮೇಲೆ ಹಾಕುತ್ತೇನೆ. ಇನ್ನೊಂದನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತೇನೆ.